ಗೇಟಿನಲ್ಲಿ ನಿಲ್ಲಬಾರದು

ಉತ್ತಮಣ್ಣನಿಗೆ ಸಿನೆಮಾ ಮಶೀನು ನಡೆಸಲು ಬರುತ್ತದೆ ಎಂಬ ಮಾತನ್ನು ಉಗಾರ ಖುರ್ದದಲ್ಲಿ ಯಾರೂ ಅಲ್ಲಗಳೆದಿರಲಿಲ್ಲ. ಅಲ್ಲಗಳೆಯಬೇಕೆಂದರೆ ಊರಿನಲ್ಲಿ ಒಂದು ಮಶೀನಾದರೂ ಇರಬೇಕಲ್ಲ!

ನಿಜಸಂಗತಿ ಇಷ್ಟೇ. ಚಿಕ್ಕವನಿದ್ದಾಗ ಉತ್ತಮಣ್ಣ ರೈಲ್ವೆ ಸ್ಟೇಷನ್ನಿನಿಂದ ಟೂರಿಂಗ್ ಟಾಕೀಜಿನ ತಂಬುವಿನವರೆಗೆ ಸೈಕಲ್ಲಿನ ಮೇಲೆ ಫಿಲ್ಮಿನ ಡಬ್ಬಿಗಳನ್ನು ಹೇರಿಕೊಂಡು ತರುತ್ತಿದ್ದ. ಅದಕ್ಕೆ ಪ್ರತಿಫಲವಾಗಿ ಅವನನ್ನು ಟಿಕೀಟಿಲ್ಲದೆ ಒಳಗೆ ಬಿಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿ ರಾಜಮತಿಗೆ ಈ ಸುದ್ದಿ ಹೇಳುವಾಗ ಡಬ್ಬಿ ಹೊತ್ತವನು ಡಬ್ಬಿ ಬಿಚ್ಚಿದವನಾದ. ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದ ಮೇಲೆ ರೀಲು ಏರಿಸಿದವನಾದ. ರಿಟೈರ್ ಆಗುವ ಹೊತ್ತಿಗೆ ಪೂರಾ ಆಪರೇಟರನೇ ಆಗಿಬಿಟ್ಟಿದ್ದ. ಕಾರ್ಖಾನೆಯವರು ಕೊಡದೆ ಹೋದ ಬಡ್ತಿಗಳನ್ನೆಲ್ಲ ಅವನು ಹೀಗೆ ತನಗೆ ತಾನೇ ಕೊಟ್ಟುಕೊಂಡಿದ್ದ. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನಿಲೇಶ ಸರ್ ಬಂದು ಕಟ್ಟೆಯ ಮೇಲೆ ಕೂರುವವರೆಗೆ.

ನಿಲೇಶ ಸರ್ ಅದೇ ಓಣಿಯವರು. ಸತ್ತಿ ಎಂಬ ಊರಿನ ಹೈಸ್ಕೂಲಿನ ಹೆಡ್‌ಮಾಸ್ತರು. ಸ್ಮಾರ್ಟ್ ಕ್ಲಾಸಿಗೆ ಜಾಗ ಮಾಡಲೆಂದು ಶಾಲೆಯ ಹಳೆಯ ಕಪಾಟು ಸರಿಸಿದಾಗ ಹಿಂದೆ ಒಂದು ತಗಡಿನ ಡಬ್ಬಿಯೂ, ಒಂದು ಸಣ್ಣ ಪ್ರೊಜೆಕ್ಟರೂ ಸಿಕ್ಕಿದ್ದವು. ಡಬ್ಬಿಯಲ್ಲಿ ಒಂದು ರೀಲು ಫಿಲ್ಮು. ಬಹಳ ವರ್ಷಗಳ ಹಿಂದೆ ಹೊರಗಿನ ಯಾವುದೋ ಪಾರ್ಟಿ ಬಂದು, ಸತ್ತಿಯ ಕುರಿಗಾರರು ಕುರಿಗಳನ್ನು ಹೊಡೆದುಕೊಂಡು ಕೃಷ್ಣಾ ಹೊಳೆ ದಾಟುವುದನ್ನು ಚಿತ್ರ ತೆಗೆದುಕೊಂಡು ಹೋಗಿತ್ತಂತೆ. ನೆನಪಿಗಿರಲೆಂದು ಒಂದು ಪ್ರಿಂಟನ್ನು ಶಾಲೆಗೆ ಕಳಿಸಿತ್ತಂತೆ.

“ಉತ್ತಮ ಕಾಕಾ, ನೀವು ಆಪರೇಟರ್ ಇದ್ರಲ್ಲಾ?” ಎಂದರು ನಿಲೇಶ ಸರ್.

“ಇದ್ದೆ ಅಂದ್ರ? ಇದ್ದೀನಿ! ಆ ವಿದ್ಯಾ ಎಲ್ಲಿ ಹೋಗತೈತಿ?” ಎಂದ ಉತ್ತಮಣ್ಣ. ಒಳಗೆ ಕಾಳು ಹಸನು ಮಾಡುತ್ತಿದ್ದ ರಾಜಮತಿಯ ಮೊರ ಒಂದು ಗಳಿಗೆ ನಿಂತಿತು.

ಮರುದಿನ ಸತ್ತಿಯಿಂದ ಸತ್ತೆವ್ವ ಬಂದಳು. ಜೊತೆಗೆ ಅಥಣಿಯ ಕಾಲೇಜಿಗೆ ಹೋಗುವ ಮೊಮ್ಮಗಳು ಭಾಗ್ಯಾ. ಸತ್ತೆವ್ವನ ಗಂಡ ಹಾಲಸಿದ್ದ ಆ ಚಿತ್ರದಲ್ಲಿದ್ದಾನೆಂದು ಊರಿನ ಹಿರಿಯರೊಬ್ಬರು ನೆನಪು ಮಾಡಿ ಹೇಳಿದ್ದರು. ಮಗ ಬೀರದೇವ, ಅಂದರೆ ಭಾಗ್ಯಾಳ ಅಪ್ಪ, ಇನ್ನೂ ತೊಟ್ಟಿಲಲ್ಲಿರುವಾಗಲೇ ಹಾಲಸಿದ್ದ ತೀರಿಹೋಗಿದ್ದ.

“ಅಣ್ಣಾರ, ಬೀರದೇವನ ಅಪ್ಪಂದು ಒಂದ ಫೋಟೊ ಇತ್ತರಿ. ಮಹಾಪೂರ ಬಂದಾಗ ಮನಿಯೊಳಗ ನೀರ ಹೊಕ್ಕು ಅದೂ ಹೋತು,” ಎಂದಳು ಸತ್ತೆವ್ವ. “ಈಕಿ ಕೇಳತಾಳ, ಅಜ್ಜ ಹೆಂಗಿದ್ದಾ ಅಂತ. ಏನಂತ ಹೇಳ್ಲಿ? ಮೂಗ ಹಿಂಗಿತ್ತು, ಮೀಸಿ ಹಂಗಿತ್ತು ಅಂದ್ರ ಅದು ಮಾರಿ ಆಗತೈತೇನ್ರಿ?”

ಉತ್ತಮಣ್ಣ ಮೆತ್ತನೆಯ ಮನಸ್ಸಿನವನು. “ನಾ ಡಬ್ಬಿ ಹೊತ್ತಾವ ಅಷ್ಟವ್ವಾ” ಎಂದು ಆಗ ಅಂದುಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಮೆತ್ತನೆಯ ಮನಸ್ಸೂ ದೊಡ್ಡ ಹೆಸರೂ ಒಬ್ಬನಲ್ಲೇ ಸೇರಿದರೆ ಬಾಯಿಂದ ಬೇರೆ ಮಾತೇ ಹೊರಡುತ್ತದೆ.

“ಅಕ್ಕಾ, ನಿನ್ನ ಗಂಡನ್ನ ಗ್ವಾಡಿ ತುಂಬ ತೋರಸ್ತೀನಿ,” ಎಂದ.

ಅವರು ಹೋದ ಮೇಲೆ ರಾಜಮತಿ ಡಬ್ಬಿಯ ಮುಚ್ಚಳ ತೆಗೆದು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ಇದೇನ್ರೀ, ಕೆಟ್ಟ ಉಪ್ಪಿನಕಾಯಿ ನಾರಿದಂಗ ನಾರಾಕತ್ತೈತಿ!”

“ಹಳೇ ಫಿಲ್ಮ್ ಹಂಗ ಇರತೈತಿ. ಮಾಗೇತಿ ಅದು.”

ರಾಜಮತಿ ಇದನ್ನು ನಂಬುವ ಹೆಂಗಸಲ್ಲ. ಅವಳ ಅಣ್ಣನ ಮಗಳು ರೂಪಾಲಿ ಪುಣೆಯಲ್ಲಿ ಹಳೆಯ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸುವ ಕೆಲಸದಲ್ಲಿದ್ದಳು. ರಾಜಮತಿ ಅವಳಿಗೆ ಫೋನು ಹಚ್ಚಿದಳು. ಹುಳಿ ವಾಸನೆ ಎಂದು ಕೇಳಿದ್ದೇ ತಡ, ರೂಪಾಲಿ ಆ ಕಡೆಯಿಂದ ಚೀರಿದಳು. “ಅತ್ತಿ, ಅದನ್ನ ಓಡಿಸಬ್ಯಾಡ್ರಿ! ಫಿಲ್ಮ್ ಕೊಳ್ಯಾಕ ಹತ್ತೇತಿ, ಮುದುಡಿರತೈತಿ. ಮಶಿನ್ನಿನ ಹಲ್ಲಿಗೆ ಹೊಂದೂದಿಲ್ಲ, ಅಂಚಿನ ತೂತೆಲ್ಲ ಹರೀತಾವ. ನನಗ ಕಳಸ್ರಿ, ನಾ ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕ್ತೀನಿ.”

ಉತ್ತಮಣ್ಣ ಫೋನು ಕಸಿದುಕೊಂಡ. “ಮೊಬೈಲ್‌ನ್ಯಾಗ ಏನ ನೋಡೂದು ತಂಗೀ? ನಾ ಗ್ವಾಡಿ ತುಂಬ ತೋರಸ್ತೀನಿ ಅಂತ ಮಾತ ಕೊಟ್ಟೀನಿ. ಶಿಕ್ಷಣ ಇಲಾಖೆ ಸಾಹೇಬ್ರೂ ಬರಾಕತ್ತಾರ.”

ಸಾಹೇಬರು ಬರುವುದು ಆಗಿನ್ನೂ ನಿಶ್ಚಯವಾಗಿರಲಿಲ್ಲ. ಆದರೆ ಹೇಳಿದ ಮೇಲೆ ಉತ್ತಮಣ್ಣನೇ ಓಡಾಡಿ ನಿಶ್ಚಯ ಮಾಡಿಸಿದ.

ಮಾಮನ ಹಟದ ಮುಂದೆ ರೂಪಾಲಿ ಸೋತಳು. “ಹಂಗಾರ ನಾ ಹೇಳೂದಾರ ಚೊಲೊತ್ನಂಗ ಕೇಳ್ರಿ. ಕೈಲೆ ಫಿಲ್ಮ್ ಹಾಕೂ ಮಶಿನ್ ತಗೋರಿ. ತಾನ ಎಳಕೊಳ್ಳೂದು ಬ್ಯಾಡ, ನಡುವ ಸಿಕ್ಕೊಂಡ್ರ ಹರದ ತಗೀಬೇಕಾಗತೈತಿ. ಮೊದಲ ಯಾವುದಾರ ಕೆಲಸಕ್ಕ ಬಾರದ ಫಿಲ್ಮ್ ಓಡ್ಸಿ ನೋಡ್ರಿ. ಎಲ್ಲಾಕಿಂತ ಮುಖ್ಯ ಅಂದ್ರ ಗೇಟ್. ಗೇಟ್ ಕನ್ನಡಿ ಇದ್ದಂಗ ಇರಬೇಕು. ಗೇಟ್‌ನ್ಯಾಗ ಚೂರ ಧೂಳ ಇದ್ರೂ ಪ್ರಿಂಟಿಗೆ ಉದ್ದಕ್ಕ ಗೆರಿ ಬೀಳತಾವ. ಮತ್ತ, ಮಾಮಾ, ಗೇಟ್‌ನ್ಯಾಗ ನಿಲ್ಲಬಾರ್ದು. ಒಂದ ಕ್ಷಣ ನಿಂತ್ರೂ ಸುಟ್ಟಂಗ!”

ಓದುಗರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮಶೀನಿನ ಒಳಗೆ, ದೀಪದ ಎದುರಿಗೆ, ಫಿಲ್ಮು ಹಾದುಹೋಗುವ ಹೆಬ್ಬೆರಳಿನಷ್ಟು ಅಗಲದ ಕಿಂಡಿ ಇರುತ್ತದೆ. ಅದಕ್ಕೆ ಗೇಟು ಎನ್ನುತ್ತಾರೆ. ರೂಪಾಲಿ ಹೇಳಿದ್ದು ಅದರ ಮಾತು, ಅಲ್ಲಿ ಫಿಲ್ಮು ನಿಲ್ಲಬಾರದೆಂದು. ಉತ್ತಮಣ್ಣನಿಗೆ ಗೊತ್ತಿದ್ದ ಗೇಟು ಒಂದೇ. ಹಿಂದೆ ತಂಬುವಿನ ಬಾಗಿಲಲ್ಲಿ ಒಬ್ಬ ಪೈಲವಾನ ನಿಂತು “ಏ, ಗೇಟ್‌ನ್ಯಾಗ ನಿಲ್ಲಬ್ಯಾಡ್ರೋ!” ಎಂದು ಜನರ ಬೆನ್ನಿಗೆ ಕೈ ಹಾಕಿ ತಳ್ಳುತ್ತಿದ್ದುದು ಅವನ ಕಿವಿಯಲ್ಲಿ ಇನ್ನೂ ಇತ್ತು.

“ಗೊತ್ತೈತಿ ತಂಗೀ, ಗೊತ್ತೈತಿ,” ಎಂದ ಅವನು ಬಹಳ ಸಮಾಧಾನದಿಂದ. “ನಮ್ಮ ಕಾಲಕ್ಕೂ ಅದ ರೂಲ್ ಇತ್ತು.”

ಮಾಮನಿಗೆ ಕೆಲಸ ನಿಜವಾಗಿಯೂ ಗೊತ್ತಿದೆ ಎಂದು ಆ ಹುಡುಗಿಗೂ ನೆಮ್ಮದಿಯಾಯಿತು.

ಶಾಲೆಯಲ್ಲಿದ್ದ ಪ್ರೊಜೆಕ್ಟರು ಕೈಯಿಂದ ಫಿಲ್ಮು ಹಾಕುವಂಥದ್ದೇ. ಆದರೆ ಅದು ಸಣ್ಣದು, ಬಣ್ಣ ಹೋದದ್ದು. ಉತ್ತಮಣ್ಣ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, “ಸರ್, ಇದು ಹೊಲಿಗಿ ಮಶಿನ್ ಇದ್ದಂಗ ಐತಿ, ಲಂಗಾ ಹೊಲೀಬಹುದು. ಸಿನೆಮಾ ಆಗೂದಿಲ್ಲ,” ಎಂದು ತೀರ್ಪು ಕೊಟ್ಟ. ಮಿರಜಿಗೆ ಹೋದ. ಗುಜರಿ ಅಂಗಡಿಯಲ್ಲಿ ಒಂದು ದೊಡ್ಡ ಮಶೀನು, ಮದುಮಗನ ಬೂಟಿನಂತೆ ಕರ್ರಗೆ ಹೊಳೆಯುತ್ತ ಕೂತಿತ್ತು.

“ಕಾಕಾ, ಹೇ ಬಘಾ, ಇದನ್ನ ನೋಡ್ರಿ!” ಎಂದ ಅಂಗಡಿಯವನು. “ಫಿಲ್ಮಿನ ತುದಿ ತೋರ್ಸಿದ್ರ ಸಾಕು, ತಾನ ನುಂಗತೈತಿ. ಈ ಬಟನ್ ಒತ್ತಿದ್ರ ಚಿತ್ರ ಇದ್ದಲ್ಲೇ ನಿಂದ್ರತೈತಿ, ಫೋಟೊ ಆದಂಗ. ಲೈಟಂತೂ ಕೇಳಬ್ಯಾಡ್ರಿ. ದೀಪಕ್ಕ ಅಡ್ಡ ಒಂದ ಗಾಜ ಇತ್ತು, ಒಡದಿತ್ತು. ಅದನ್ನ ತಗದ ಒಗದ ಮ್ಯಾಲೆ ಬೆಳಕ ಡಬಲ್ ಆಗೇತಿ!”

ಆ ಗಾಜು ಇದ್ದದ್ದು ದೀಪದ ಕಾವು ಫಿಲ್ಮಿಗೆ ತಾಗದಿರಲೆಂದು. ಹೇಳುವವನಿಗೂ ಗೊತ್ತಿರಲಿಲ್ಲ, ಕೇಳುವವನಿಗೂ ಗೊತ್ತಿರಲಿಲ್ಲ. ಹೀಗಾಗಿ ವ್ಯಾಪಾರ ಬಹಳ ಸಲೀಸಾಗಿ ಮುಗಿಯಿತು.

ಮಶೀನು ಸತ್ತಿಯ ಶಾಲೆಗೆ ಬಂತು. ಅದನ್ನು ಹಾಲ್‌ನಲ್ಲಿ ಇಳಿಸಿ, ಅದರ ಮೇಲೊಂದು ಚಾದರ ಹೊದೆಸಿ, ಉತ್ತಮಣ್ಣ ಶಾಲೆಯ ಹೊರಗಿನ ಕಬ್ಬಿಣದ ಗೇಟಿನ ಮುಂದೆ ಬಂದು ನಿಂತ. ಬೆರಳಿನಿಂದ ಸವರಿದ. ತುಕ್ಕು ಹತ್ತಿದ ಬೆರಳನ್ನು ನಿಲೇಶ ಸರ್ ಮೂಗಿನ ಹತ್ತಿರ ಹಿಡಿದ.

“ಸರ್, ಗೇಟ್ ಹಿಂಗಿದ್ರ ಪ್ರಿಂಟ್ ಸತ್ತಂಗ.”

“ಗೇಟಿಗೂ ಪ್ರಿಂಟಿಗೂ ಏನ ಸಂಬಂಧ ಕಾಕಾ?”

“ಧೂಳ್ರಿ, ಧೂಳ! ಪುಣೇದಾಗ ಅದನ್ನ ಕಲ್ತಾಕಿ ಹೇಳ್ಯಾಳ. ಗೇಟ್ ಕನ್ನಡಿ ಆಗಬೇಕು.”

ಗಣಿತ ಓದಿದ ನಿಲೇಶ ಸರ್ ಒಂದು ನಿಮಿಷ ಆಕಾಶ ನೋಡಿದರು. ಲೆಕ್ಕ ಕೂಡಲಿಲ್ಲ. ಆದರೂ ಪುಣೆಯ ಮಾತು ಎಂದಮೇಲೆ ತಮಗೆ ತಿಳಿಯದ ಏನೋ ಇರಬಹುದೆಂದು ಒಪ್ಪಿಕೊಂಡರು. ಗೇಟಿನ ತುಕ್ಕು ಕೆರೆದರು. ಹಸಿರು ಬಣ್ಣ ಬಳಿದರು. ಗಾಳಿಗೆ ಧೂಳು ಕೂತಿತೆಂದು ಒರೆಸಿದರು, ಒರೆಸಿದ್ದಕ್ಕೆ ಬಣ್ಣ ಎದ್ದಿತೆಂದು ಮತ್ತೆ ಬಳಿದರು. ಪಂಚಾಯಿತಿಯವರು ಟ್ಯಾಂಕರ್ ತರಿಸಿ ರಸ್ತೆಗೆ ನೀರು ಹೊಡೆಸಿದರು. ಕಬ್ಬಿನ ಟ್ರ್ಯಾಕ್ಟರುಗಳನ್ನು ಹೊಲದ ದಾರಿಗೆ ತಿರುಗಿಸಿದರು. “ಕುರಿ ಸಿನೆಮಾದ ಸಲುವಾಗಿ ಕಬ್ಬಿನ ಗಾಡಿ ಸುತ್ತ ಹಾಕ್ಕೊಂಡ ಹೋಗಬೇಕೇನ್ರಿ?” ಎಂದು ಜಗಳಕ್ಕೆ ಬಂದ ಡ್ರೈವರನೂ, ಸತ್ತೆವ್ವನ ಗಂಡನ ಮುಖಕ್ಕೆ ಗೆರೆ ಬೀಳುತ್ತದೆಂದು ಕೇಳಿದಾಗ ಸುಮ್ಮನೆ ರಿವರ್ಸ್ ತೆಗೆದುಕೊಂಡ. ಊರೆಂದರೆ ಹಾಗೆ. ಹಾಲಸಿದ್ದನ ಮುಖವನ್ನು ಕಾಪಾಡಲು ಎಲ್ಲರೂ ಒಂದಾದರು. ಮಶೀನಿನ ಚಾದರ ಮಾತ್ರ ಯಾರೂ ತೆಗೆಯಲಿಲ್ಲ. ಒಳಗಿನ ಆ ಕಿಂಡಿಯಲ್ಲಿ ಯಾವ ಕಾಲದ ಧೂಳೋ ಗಟ್ಟಿಯಾಗಿ ಹರಳಿನಂತೆ ಕೂತಿತ್ತು. ಕೆಲಸಕ್ಕೆ ಬಾರದ ಫಿಲ್ಮು ಓಡಿಸಿ ನೋಡುವ ಮಾತು ಗೇಟಿನ ಗಡಿಬಿಡಿಯಲ್ಲಿ ಮರೆತೇಹೋಯಿತು.

ಉಳಿದದ್ದು ನಿಲ್ಲಬಾರದೆಂಬ ರೂಲು. ಅದಕ್ಕೆ ಪಂಚಾಯಿತಿ ಮೆಂಬರ್ ಕಾಡಸಿದ್ದನನ್ನು ನೇಮಿಸಿದರು. ಕಾಡಸಿದ್ದ ಎಂದರೆ ಎತ್ತಿನ ಗಾಡಿಯನ್ನು ಒಂದೇ ಭುಜದಿಂದ ಸರಿಸುವ ಆಳು.

“ಯಾರೂ ನಿಲ್ಲಬಾರ್ದು. ನಿಂತ್ರ ಸುಡತೈತಿ,” ಎಂದು ಉತ್ತಮಣ್ಣ ಅವನಿಗೆ ಹೇಳಿದ.

“ಏನ ಸುಡತೈತಿ ಕಾಕಾ?”

ಇದನ್ನು ಉತ್ತಮಣ್ಣ ವಿಚಾರ ಮಾಡಿರಲಿಲ್ಲ. “ಅದೆಲ್ಲಾ ಟೆಕ್ನಿಕಲ್ ಐತಿ,” ಎಂದ.

ಪ್ರದರ್ಶನದ ದಿನ ಮಧ್ಯಾಹ್ನವೇ ಊರು ನೆರೆಯಿತು. ಗೇಟಿಗೆ ಕರೆಂಟು ಬಿಟ್ಟಿದ್ದಾರೆಂದು ಅಷ್ಟರಲ್ಲಿ ಸುದ್ದಿಯಾಗಿತ್ತು. ಹೆಂಗಸರು ಸೀರೆ ಎತ್ತಿ ಹಿಡಿದು ಹಾರಿ ಬಂದರು. ಮುದುಕರನ್ನು ಕಾಡಸಿದ್ದ ಎತ್ತಿ ಒಳಗೆ ಇಟ್ಟ. ಇಲಾಖೆಯ ಸಾಹೇಬರು ಜೀಪಿನಿಂದಿಳಿದು, ಹಾರಕ್ಕಾಗಿ ಕೊರಳು ಬಾಗಿಸಿ, ಸರಿಯಾಗಿ ಗೇಟಿನ ನಡುವೆಯೇ ನಿಂತರು.

“ನಿಲ್ಲಬ್ಯಾಡ್ರಿ ಸಾಹೇಬ್ರ! ಸುಡತೈತಿ!” ಎಂದು ಕಾಡಸಿದ್ದ ಅವರ ಬೆನ್ನಿಗೆ ಕೈಕೊಟ್ಟ. ಸಾಹೇಬರು ಒಳಗೆ ಬಂದು ಬಿದ್ದರು. ಅವರ ಒಂದು ಚಪ್ಪಲಿ ಹೊರಗೇ ಉಳಿಯಿತು. ಎದ್ದವರು ಕೋಪದಿಂದ ನಿಲೇಶ ಸರ್ ಕಡೆ ನೋಡಿದರು. ನಿಲೇಶ ಸರ್ ಕೈಮುಗಿದು, “ಸರ್, ಟೆಕ್ನಿಕಲ್,” ಎಂದರು. ಸಾಹೇಬರು ಒಂದೇ ಚಪ್ಪಲಿಯಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು.

ಹಾಲ್‌ನ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದರು. ಭಾಗ್ಯಾ ಮೊಬೈಲು ಹಿಡಿದು ಮುಂದೆ ಕೂತಿದ್ದಳು. ಅಜ್ಜ ಬಂದ ಕೂಡಲೇ ವಿಡಿಯೋ ಮಾಡಿಕೊಳ್ಳುವುದು ಅವಳ ಯೋಚನೆ. ಉತ್ತಮಣ್ಣ ಕೊನೆಯ ಗಳಿಗೆಯಲ್ಲಿ, ಆಪರೇಟರನೆಂದರೆ ಇನ್ನೂ ಏನಾದರೊಂದು ಅಪ್ಪಣೆ ಕೊಡಬೇಕೆನಿಸಿ ಕೈ ಎತ್ತಿದ.

“ಎಲ್ಲಾರೂ ಮೊಬೈಲ್ ಬಂದ್ ಮಾಡಿ ಈ ಬುಟ್ಟ್ಯಾಗ ಹಾಕ್ರಿ! ಮೊಬೈಲ್ ಬೆಳಕಿಗೆ ಪ್ರಿಂಟ್ ಕೆಡತೈತಿ!”

ಇದನ್ನು ರೂಪಾಲಿ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಆದರೆ ಸಾಹೇಬರೇ ಮೊದಲು ತಮ್ಮ ಮೊಬೈಲನ್ನು ಬುಟ್ಟಿಗೆ ಹಾಕಿದ್ದರಿಂದ ಭಾಗ್ಯಾ ಕೂಡ ಹಾಕಿದಳು.

ಮಶೀನು ಫಿಲ್ಮಿನ ತುದಿಯನ್ನು ನುಂಗಿತು. ಗೋಡೆಯ ಮೇಲೆ ಹೊಳೆ ಮೂಡಿತು. ಜನ ಹೋ ಎಂದರು. ಒಳಗಿನಿಂದ ಕಟಕಟ, ಕಟಕಟ ಎಂದು, ಯಾರೋ ಎಲುಬು ಕಡಿದಂತೆ ಸದ್ದು ಬಂತು. ಫಿಲ್ಮಿನ ಅಂಚು ಹರಿಯುತ್ತಿತ್ತು.

“ಮಶಿನ್ ಮಾತಾಡಾಕತ್ತೈತಿ,” ಎಂದು ಉತ್ತಮಣ್ಣ ಪಕ್ಕದವರಿಗೆ ತಿಳಿಸಿದ.

ಹೊಳೆಯ ಮೇಲೆ, ಕುರಿಗಳ ಮೇಲೆ, ಮೇಲಿನಿಂದ ಕೆಳಗೆ ಬೆಳ್ಳನೆಯ ಗೆರೆಗಳು ಸುರಿಯತೊಡಗಿದವು.

“ಅವತ್ತ ಮಳಿ ಇತ್ತೇನವಾ ಸತ್ತೆವ್ವಾ?” ಎಂದಳು ಪಕ್ಕದಲ್ಲಿ ಕೂತಿದ್ದವಳು.

“ಇಲ್ಲಬೇ. ಉರಿ ಬ್ಯಾಸಗಿ ಇತ್ತು,” ಎಂದಳು ಸತ್ತೆವ್ವ.

ಆ ಮಳೆಯಲ್ಲಿ ಒಬ್ಬ ಬಂದ. ಹೆಗಲ ಮೇಲೆ ಕುರಿಮರಿ, ತಲೆಗೆ ರುಮಾಲು. ನಮ್ಮ ಕಡೆ ಬೆನ್ನು ಮಾಡಿ ದಂಡೆಯುದ್ದಕ್ಕೂ ನಡೆಯುತ್ತಿದ್ದ. ಸತ್ತೆವ್ವ ಎದ್ದು ನಿಂತಳು. ಬಾಯಿಗೆ ಕೈ ಹೋಯಿತು. ನಂತರ ಇಡೀ ಹಾಲ್‌ಗೆ ಕೇಳುವಂತೆ ಕೂಗಿದಳು.

“ಅವರ! ಆ ನಡಿಗಿ ಅವರದ! ನಿಲ್ಲಸ್ರಿ ಅಣ್ಣಾರ, ಒಂದೀಟ ನಿಲ್ಲಸ್ರಿ! ನನಗ ಕಣ್ಣ ಮಸಕರಿ!”

ಎಂದೂ ಗಟ್ಟಿಯಾಗಿ ಮಾತಾಡದ ಹೆಂಗಸು ಹಾಗೆ ಕೂಗಿದ್ದನ್ನು ಕೇಳಿ ಇಡೀ ಹಾಲ್ ತಿರುಗಿ ಸತ್ತೆವ್ವನನ್ನು ನೋಡಿತು. ಸಾಹೇಬರು ನೋಡಿದರು, ನಿಲೇಶ ಸರ್ ನೋಡಿದರು, ಭಾಗ್ಯಾ ಕೂಡ ಅಜ್ಜಿಯ ಕಡೆಗೇ ನೋಡಿದಳು. ಗೋಡೆಯ ಮೇಲೆ ಹಾಲಸಿದ್ದ ತಿರುಗಿದ್ದು ಅದೇ ಹೊತ್ತಿಗೆ. ಉತ್ತಮಣ್ಣ ಬಗ್ಗಿ ಬಟನ್ ಹುಡುಕುತ್ತಿದ್ದ. ಸಿಕ್ಕಿತು. ಒತ್ತಿದ. ಚಿತ್ರ ನಿಂತಿತು.

ಎಲ್ಲರೂ ಮತ್ತೆ ಗೋಡೆ ನೋಡುವಷ್ಟರಲ್ಲಿ ಕಂದು ಬಣ್ಣದ ಒಂದು ಕಲೆ ಮುಖವನ್ನೆಲ್ಲ ಮುಚ್ಚಿತ್ತು. ಅದು ಗುಳ್ಳೆಯಾಗಿ ಉಬ್ಬಿತು, ಹಳದಿಯಾಯಿತು, ಕಿತ್ತಳೆಯಾಯಿತು. ಗೋಡೆಯ ತುಂಬ ಬೆಳ್ಳನೆ ಬೆಳಕು ತೆರೆದುಕೊಂಡಿತು.

“ಸೂರ್ಯ ಹುಟ್ಟಿದ!” ಎಂದು ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು. ಚಪ್ಪಾಳೆ ಹಾಲ್ ತುಂಬಿತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು.

ಉತ್ತಮಣ್ಣ ಇದ್ದಬದ್ದ ಬಟನ್ನುಗಳನ್ನೆಲ್ಲ ಒತ್ತಿದ. ತಾನಾಗಿ ನುಂಗುವ ಮಶೀನು ತಾನಾಗಿ ಉಗುಳಲು ಒಪ್ಪಲಿಲ್ಲ, ಉಳಿದದ್ದನ್ನೂ ಒಳಗೆ ಎಳೆದುಕೊಂಡು ಅಗಿಯಿತು. ನಿಲೇಶ ಸರ್ ಓಡಿಹೋಗಿ ಪ್ಲಗ್ಗು ಕಿತ್ತರು. ಕತ್ತಲಾಯಿತು. ಆ ಕತ್ತಲಲ್ಲಿ ಹೊರಗಿನಿಂದ ಕಾಡಸಿದ್ದನ ದನಿ ಬಂತು, ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದವನ ಹೆಮ್ಮೆಯ ದನಿ.

“ಕಾಕಾ! ಗೇಟ್‌ನ್ಯಾಗ ಒಬ್ಬರೂ ನಿಂತಿಲ್ಲರಿ!”

ರವಿವಾರ ರೂಪಾಲಿ ಪುಣೆಯಿಂದ ಶಾಲೆಗೆ ಬಂದಳು. ಮಶೀನಿನ ಬದಿಯ ತಗಡು ಬಿಚ್ಚಿ, ಸಿಕ್ಕಿಕೊಂಡಿದ್ದ ತುಣುಕುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆಯ ಮೇಲೆ ಇಟ್ಟಳು. ಗೇಟಿಗೆ ಬಣ್ಣ ಬಳಿದ ಕಥೆಯನ್ನು ನಿಲೇಶ ಸರ್ ಅವಳಿಗೆ ಹೇಳಿದರು. ಅವಳು ನಗಲಿಲ್ಲ. ಬೆರಳಿಟ್ಟು ತೋರಿಸಿದಳು.

“ಮಾಮಾ, ಗೇಟ್ ಅಂದ್ರ ಇದು.”

ಉತ್ತಮಣ್ಣ ಬಗ್ಗಿ ಆ ಕಿಂಡಿಯನ್ನು ನೋಡಿದ. ಆಮೇಲೆ ಕಿಟಕಿಯ ಆಚೆ ಫಳಫಳ ಹೊಳೆಯುತ್ತಿದ್ದ ಹಸಿರು ಗೇಟನ್ನು ನೋಡಿದ.

ಉಳಿದ ಫಿಲ್ಮನ್ನು ರೂಪಾಲಿ ಒಯ್ದು ಸ್ಕ್ಯಾನ್ ಮಾಡಿ ಕಳಿಸಿದಳು. ಹೊಳೆ ಉಳಿದಿತ್ತು, ಕುರಿಗಳು ಉಳಿದಿದ್ದವು, ಹಾಲಸಿದ್ದನ ಬೆನ್ನು ಉಳಿದಿತ್ತು. ಅವನು ತಿರುಗಿ ನೋಡಿದ ತುಂಡು ಅಷ್ಟೂ ಸುಟ್ಟು ನುಜ್ಜಾಗಿತ್ತು. ಅದಾದ ನಂತರದ ಚಿತ್ರದಲ್ಲಿ ದಂಡೆಯ ಮೇಲೆ ಯಾರೂ ಇರಲಿಲ್ಲ. ಚಿತ್ರ ತೆಗೆದ ಪಾರ್ಟಿಯ ಪತ್ತೆ ಹಚ್ಚಲು ಅವಳು ಎಷ್ಟೋ ಕಡೆ ಕೇಳಿದಳು. ಡಬ್ಬಿಯ ಮೇಲೆ ಬರೆದಿದ್ದ ಹೆಸರಿನವರು ಈಗ ಯಾರೂ ಇಲ್ಲ ಎಂದಷ್ಟೇ ತಿಳಿಯಿತು.

ಉಗಾರದ ಕಟ್ಟೆಯ ಮೇಲೆ ನಮ್ಮ ಜನ ಒಂದಷ್ಟು ದಿನ ನಕ್ಕರು. “ಏನಣ್ಣಾ, ನಮ್ಮನಿ ಗೇಟಿಗೂ ಸ್ವಲ್ಪ ಬಣ್ಣ ಬೇಕಾಗಿತ್ತು,” ಎಂದು ಕೆಣಕಿದರು. ಉತ್ತಮಣ್ಣ ತಿರುಗಿ ಮಾತಾಡದ್ದನ್ನು ಕಂಡು ಅವರಿಗೂ ಬೇಜಾರಾಗಿ ಬಿಟ್ಟರು. ರಾಜಮತಿ ಒಂದು ಮಾತೂ ಬೈಯಲಿಲ್ಲ. ದಿನವೂ ಒಂದಿಲ್ಲೊಂದು ಕಾರಣಕ್ಕೆ ಬೈಯುವ ಹೆಂಡತಿ ಹೀಗೆ ಸುಮ್ಮನಿದ್ದು ಬಿಸಿ ರೊಟ್ಟಿ ಬಡಿಸಿದರೆ ಗಂಡಸಿಗೆ ಊಟ ಇಳಿಯುವುದಿಲ್ಲ. ಕೊನೆಗೆ ಅವನೇ ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು ಸತ್ತಿಗೆ ಹೊರಟ.

ಸತ್ತೆವ್ವ ಹಟ್ಟಿಯ ಮುಂದೆ ಮರಿಗಳಿಗೆ ಮೇವು ಹಾಕುತ್ತಿದ್ದಳು. ಅವನನ್ನು ನೋಡಿ ಕಂಬಳಿ ಹಾಸಿದಳು. ಭಾಗ್ಯಾ ಚಹಾ ತಂದಿಟ್ಟಳು. ಉತ್ತಮಣ್ಣ ಬಟ್ಟಲನ್ನು ಕೈಗೆತ್ತಿಕೊಂಡ.

“ತಪ್ಪಾತ ಅಕ್ಕಾ,” ಎಂದ.

“ನಿಲ್ಲಸ್ರಿ ಅಂದಾಕಿ ನಾನ ಅಲ್ಲೇನ್ರಿ,” ಎಂದಳು ಸತ್ತೆವ್ವ. ಸ್ವಲ್ಪ ಹೊತ್ತು ಮರಿಯ ಬೆನ್ನು ನೀವಿದಳು. “ಅಣ್ಣಾರ, ಒಂದ ಮಾತ ಕೇಳತೇನಿ. ಊರಾಗ ಎಲ್ಲಾರ್ನೂ ಕೇಳೀನಿ. ಎಲ್ಲಾರೂ ಆವಾಗ ನನ್ನ ನೋಡಾಕತ್ತಿದ್ರಂತ. ನೀವ ಮಶಿನ್ ಹತ್ರ ಇದ್ರಿ, ನೀವ ನೋಡಿರತೀರಿ. ಅವರು ಹೊಳ್ಳಿ ನೋಡಿದಾಗ ಮಾರಿ ಹೆಂಗಿತ್ರಿ? ನಗತಿದ್ರೊ, ಇಲ್ಲೊ?”

ಭಾಗ್ಯಾ ಕಂಬಕ್ಕೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು.

ನಗುತ್ತಿದ್ದ ಎಂದು ಹೇಳುವುದು ಬಹಳ ಸುಲಭವಿತ್ತು. ಹಲ್ಲು ಹೀಗಿತ್ತು, ಕಣ್ಣು ಹೀಗಿತ್ತು ಎಂದು ಉತ್ತಮಣ್ಣ ಒಂದು ಗಂಟೆ ಹೇಳಬಲ್ಲವನಾಗಿದ್ದ. ಅವರು ನಂಬುತ್ತಿದ್ದರು. ಜೀವನದಲ್ಲಿ ಎಂದಾದರೂ ಸುಳ್ಳು ಹೇಳಿ ಒಬ್ಬರಿಗೆ ಒಳ್ಳೆಯದು ಮಾಡುವ ಅವಕಾಶ ಅವನಿಗೆ ಬಂದಿದ್ದರೆ ಅದು ಇದೇ. ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ.

“ನಾ ನೋಡ್ಲಿಲ್ಲವ್ವಾ,” ಎಂದ. “ಬಟನ್ ಎಲ್ಲೈತಿ ಅಂತ ಹುಡಕಾಕತ್ತಿದ್ದೆ.”

ಸತ್ತೆವ್ವ ತಲೆಯಾಡಿಸಿದಳು. ಸಿಟ್ಟಾಗಲಿಲ್ಲ. “ಹಂಗಾರ ಯಾರೂ ನೋಡ್ಲಿಲ್ಲ,” ಎಂದಳು ಮೆಲ್ಲಗೆ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. “ಹಚ್ಚವಾ ಅದನ್ನ. ಅಣ್ಣಾರೂ ನೋಡ್ಲಿ.”

ಭಾಗ್ಯಾ ಮೊಬೈಲನ್ನು ಮೂವರ ನಡುವೆ ಹಿಡಿದಳು. ಅಂಗೈಯಷ್ಟು ಹೊಳೆಯ ದಂಡೆಯ ಮೇಲೆ ಹಾಲಸಿದ್ದ ಮರಿ ಹೊತ್ತು, ಬೆನ್ನು ಮಾಡಿ ನಡೆದ. ಹೆಗಲು ಸ್ವಲ್ಪ ತಿರುಗಿತು. ಚಿತ್ರ ಮುಗಿಯಿತು.

“ಮತ್ತೊಮ್ಮಿ,” ಎಂದಳು ಸತ್ತೆವ್ವ.

ಅವನು ಮತ್ತೆ ನಡೆದ. ಮೂವರೂ ತಲೆಗೆ ತಲೆ ತಾಗುವಷ್ಟು ಬಗ್ಗಿ, ಈ ಸಲ ತಿರುಗಿಯಾನೇನೋ ಎಂಬಂತೆ ನೋಡಿದರು.